ಇಲಿಯ ನರಕೋಶವನ್ನು ಒತ್ತಿ ಪೀಜೊ2 ಕರೆಂಟ್ ಅಳೆಯುವುದು ಹೇಗೆ

ಸಸ್ತನಿಗಳಲ್ಲಿ ಮೃದು ಸ್ಪರ್ಶವನ್ನು ವಿದ್ಯುತ್ತಾಗಿಸುವ ಮುಖ್ಯ ಅಯಾನು ಚಾನೆಲ್ (ಕೋಶದ ಪೊರೆಯಲ್ಲಿ ಅಯಾನುಗಳು ಹಾಯುವ ದ್ವಾರ) ಪೀಜೊ2. 2010ರಲ್ಲಿ ಆರ್ಡೆಮ್ ಪಟಪೂಟಿಯನ್ ತಂಡ ಪೀಜೊ1, ಪೀಜೊ2 ಎರಡನ್ನೂ ಪತ್ತೆ ಹಚ್ಚಿದ್ದು ಕೋಶವನ್ನು ಗಾಜಿನ ಮೊನೆಯಿಂದ ಒತ್ತಿ, ಪ್ಯಾಚ್ ಕ್ಲ್ಯಾಂಪಿನಲ್ಲಿ (ಪೊರೆಗೆ ಅಂಟಿಸಿದ ಗಾಜಿನ ಪಿಪೆಟ್ಟಿನಿಂದ, ವೋಲ್ಟೇಜ್ ಹಿಡಿದಿಟ್ಟು) ಕರೆಂಟ್ ಅಳೆದೇ. ಈ ಪ್ರಯೋಗ ಕೈಕೊಟ್ಟಾಗ ಮೊದಲು ಅನುಮಾನಿಸಬೇಕಾದದ್ದು ಚಾನೆಲ್ಲನ್ನಲ್ಲ, ಒತ್ತುವ ಮೊನೆಯನ್ನು.

ಡಿಆರ್‌ಜಿ (ಬೆನ್ನುಹುರಿಯ ಪಕ್ಕದ ಸಂವೇದನಾ ನರಗಂಟಿನ) ನರಕೋಶಗಳನ್ನು ಪಾಲಿ-ಡಿ-ಲೈಸಿನ್ ಮತ್ತು ಲ್ಯಾಮಿನಿನ್ ಹಚ್ಚಿದ ಕವರ್‌ಸ್ಲಿಪ್ ಮೇಲೆ ಕೂರಿಸಿ. ಕೋಶವನ್ನು ಅಂಟಿಸುವ ಈ ಲೇಪದಲ್ಲಿ ಜಿಪುಣತನ ಮಾಡಿದರೆ ಮೊದಲ ಒತ್ತಿಗೇ ಕೋಶ ಉರುಳುತ್ತದೆ. 1–2 ದಿನದೊಳಗೆ ರೆಕಾರ್ಡ್ ಮಾಡಿ. ನ್ಯೂರೈಟ್ (ನರಕೋಶದಿಂದ ಹೊರಡುವ ಎಳೆ) ಉದ್ದ ಬೆಳೆದಷ್ಟೂ ವೋಲ್ಟೇಜಿನ ಹಿಡಿತ ಸಡಿಲ. ಪ್ಯಾಚ್ ಪಿಪೆಟ್ 2–5 ಮೆಗಾಓಮ್, ಒಳಗೆ ಸೀಸಿಯಂ ಕ್ಲೋರೈಡ್ ದ್ರಾವಣ, ಹೋಲ್ಡಿಂಗ್ (ಕೋಶವನ್ನು ಹಿಡಿದಿಡುವ ವೋಲ್ಟೇಜ್) −80 ಮಿಲಿವೋಲ್ಟ್.

ಒತ್ತುವ ಪಿಪೆಟ್ಟಿನ ತುದಿಯನ್ನು ಬೆಂಕಿಯಲ್ಲಿ ಮುಚ್ಚಿ 3–4 ಮೈಕ್ರಾನಿಗೆ ಉರುಟಾಗಿಸಿ, ವೋಲ್ಟೇಜ್ ಕೊಟ್ಟಷ್ಟು ಸರಿಯುವ ಪೀಜೋಎಲೆಕ್ಟ್ರಿಕ್ ಚಾಲಕಕ್ಕೆ ಸಿಕ್ಕಿಸಿ. ಪೊರೆ ಕಾಣುವಷ್ಟು ತಗ್ಗಿದ ಜಾಗವೇ ಶೂನ್ಯ. ಅಲ್ಲಿಂದ 0.5 ಮೈಕ್ರಾನ್ ಹೆಚ್ಚಿಸುತ್ತ, ಪ್ರತಿ ಸಲ 150 ಮಿಲಿಸೆಕೆಂಡು ಒತ್ತಿಹಿಡಿಯಿರಿ. ನಡುವೆ 10–20 ಸೆಕೆಂಡು ಬಿಡುವು ಕೊಡಿ. ವೇಗ ಮಿಲಿಸೆಕೆಂಡಿಗೆ 1 ಮೈಕ್ರಾನ್. ಇನ್ನೂ ನಿಧಾನ ಮಾಡಿದರೆ ಮೊನೆ ಇಳಿಯುತ್ತಿರುವಾಗಲೇ ಚಾನೆಲ್ ನಿಷ್ಕ್ರಿಯವಾಗಿ ಕರೆಂಟಿನ ಶಿಖರ ಕುಗ್ಗುತ್ತದೆ, ಪೀಜೊ2 ಇಲ್ಲವೇನೋ ಎನಿಸುತ್ತದೆ. ಮೊನೆ ಹಿಂದೆ ಬಂದ ಮೇಲೂ ಸೋರಿಕೆ ಕರೆಂಟ್ ಹಳೆಯ ಮಟ್ಟಕ್ಕೆ ಇಳಿಯದಿದ್ದರೆ ಆ ಕೋಶ ಮುಗಿಯಿತು. ಮುಂದಿನ ಅಳತೆಗಳನ್ನು ಬಿಟ್ಟುಬಿಡಿ.

ಶಿಖರದಿಂದ ಇಳಿತಕ್ಕೆ ಏಕ ಎಕ್ಸ್‌ಪೊನೆನ್ಶಿಯಲ್ ಹೊಂದಿಸಿ. ಇಳಿತದ ವೇಗ ಹೇಳುವ ಕಾಲಸ್ಥಿರಾಂಕ 10 ಮಿಲಿಸೆಕೆಂಡಿಗಿಂತ ಕಡಿಮೆಯಿದ್ದರೆ ಅದು ಪೀಜೊ2ಗೆ ಸಲ್ಲುವ ವೇಗದ ವರ್ಗ. ಧನ ವೋಲ್ಟೇಜಿನಲ್ಲಿ ಇದೇ ಚಾನೆಲ್ ನಿಧಾನವಾಗುತ್ತದೆ, ಹಾಗಾಗಿ ಬೇರೆ ಬೇರೆ ವೋಲ್ಟೇಜಿನ ಅಂಕಿಗಳನ್ನು ಬೆರೆಸಬೇಡಿ. ಬಂದರೆ ಪೂರ್ತಿ, ಇಲ್ಲವಾದರೆ ಇಲ್ಲ ಎಂಬಂತೆ ಚೂಪಾಗಿ ಎದ್ದು ಬೀಳುವ ಕರೆಂಟ್ ಹಿಡಿತ ತಪ್ಪಿದ ಸೋಡಿಯಂ ಚಾನೆಲ್ಲಿನದು. ಸರಣಿ ರೋಧವನ್ನು (ಪಿಪೆಟ್ಟಿಗೂ ಕೋಶಕ್ಕೂ ನಡುವಿನ ವಿದ್ಯುತ್ ತಡೆ) ಸರಿಪಡಿಸಿ. ಸೋಡಿಯಂ ಚಾನೆಲ್ ತಡೆಯುವ ವಿಷ ಟೆಟ್ರೊಡೊಟಾಕ್ಸಿನ್ ಹಾಕಿದರೂ ಆ ಚಾನೆಲ್ಲುಗಳಲ್ಲೊಂದಾದ ಎನ್‌ಎವಿ1.8 ಜಗ್ಗುವುದಿಲ್ಲ.

ಪೀಜೊ2 ಕರೆಂಟನ್ನು ತಡೆದು ನೋಡಲು 30 ಮೈಕ್ರೊಮೋಲಾರ್ ಗ್ಯಾಡೊಲಿನಿಯಂ ಸಾಕು. ಫಾಸ್ಫೇಟ್ ಅಥವಾ ಬೈಕಾರ್ಬೊನೇಟ್ ಬಫರಿನಲ್ಲಿ ಅದು ಕೂಡಿಕೊಂಡು ತಳ ಸೇರುತ್ತದೆ, ಹೆಪೆಸ್ ಬಫರ್ ಬಳಸಿ. ಯೋಡಾ1 ಹಾಕಿ ಉತ್ತರ ಕಾಯಬೇಡಿ, ಅದು ಪೀಜೊ1ನ್ನು ತೆರೆಯುವ ರಾಸಾಯನಿಕ, ಪೀಜೊ2ನ್ನಲ್ಲ. ಗ್ಯಾಡೊಲಿನಿಯಂ ಹತ್ತಾರು ಚಾನೆಲ್ ತಡೆಯುವುದರಿಂದ ಕೊನೆಯ ಸಾಕ್ಷಿ ಪೀಜೊ2 ಜೀನನ್ನು ತೆಗೆದ ಇಲಿಯೇ. ಆ ಇಲಿಯಲ್ಲೂ ಕೆಲವು ಕೋಶಗಳಲ್ಲಿ ನಿಧಾನವಾಗಿ ಇಳಿಯುವ ಕರೆಂಟ್ ಉಳಿಯುತ್ತದೆ; ಜೀನ್ ಸರಿಯಾಗಿ ಹೋಗಿಲ್ಲವೆಂದು ಅದನ್ನು ಓದಬೇಡಿ.