ಪುಟ್ಟ ರೈಲಿಗೆ ದೊಡ್ಡ ಸೇತುವೆ: ಹೊಳೆ ತೋಡುವುದು ಹೇಗೆ?

ಮುಂಬೈ ಬಳಿಯ ಡೊಂಬಿವ್ಲಿಯ ನಮ್ಮ ಮನೆಯ ಒಳಕೋಣೆಯಲ್ಲಿ ಗೋಡೆಗುಂಟ 10 ಅಡಿ ಉದ್ದ, ಎರಡೂವರೆ ಅಡಿ ಅಗಲದ ಹಲಗೆಯ ಮೇಲೆ ಒಂದು ಮಾದರಿ ರೈಲು ಓಡುತ್ತದೆ. ಅದಕ್ಕೆ ಮೊದಲ ಸೇತುವೆ ಕೂರಿಸಿದಾಗ ಹೊನ್ನಾವರದಿಂದ ರಜೆಗೆ ಬಂದಿದ್ದ ಅಕ್ಕನ ಮಗ ಎರಡು ನಿಮಿಷ ಸುಮ್ಮನೆ ನೋಡಿ ಕೇಳಿದ: "ಮಾವ, ಸೇತುವೆ ಬಂತು. ಹೊಳೆ ಎಲ್ಲಿ?"

ಹೊಳೆ ಇರಲಿಲ್ಲ. ಸಪಾಟು ಪ್ಲೈವುಡ್ಡಿನ ಮೇಲೆ ಮರದ ತುಂಡುಗಳನ್ನಿಟ್ಟು ಹಳಿಯನ್ನು ಏರಿಸಿ, ನಡುವೆ ಸೇತುವೆ ನಿಲ್ಲಿಸಿ, ಆಚೆ ಕಡೆ ಮತ್ತೆ ಇಳಿಸಿದ್ದೆ. ಯಾರೋ ಏಣಿ ಮರೆತು ಹೋದ ಹಾಗೆ ಕಾಣುತ್ತಿತ್ತು. ಎಂಜಿನ್ ಅಂತೂ ಮೂರು ಬೋಗಿ ಎಳೆದುಕೊಂಡು ಅರ್ಧ ಏರಿನಲ್ಲಿ ನಿಂತು ಚಕ್ರ ತಿರುಗಿಸುತ್ತಿತ್ತು. ಈ ಹವ್ಯಾಸಕ್ಕೆ ಇಳಿದ ಹೆಚ್ಚಿನವರು ಮೊದಲ ಸಲ ಮಾಡುವ ತಪ್ಪು ಇದೇ. ಸೇತುವೆಗೆ ಎತ್ತರ ಬೇಕೆಂದು ಹಳಿಯನ್ನು ಏರಿಸುತ್ತೇವೆ. ಇಳಿಸಬೇಕಾದ್ದು ನೆಲವನ್ನು.

ಲೆಕ್ಕ ಹಾಕಿ ನೋಡಿ. 10 ಸೆಂ.ಮೀ. ಎತ್ತರಕ್ಕೆ 40ಕ್ಕೆ 1ರ ಏರಿನಲ್ಲಿ ಹತ್ತಲು 4 ಮೀಟರ್ ಹಳಿ ಬೇಕು, ಇಳಿಯಲು ಇನ್ನು 4 ಮೀಟರ್. ನನ್ನ ಹಲಗೆಯೇ 3 ಮೀಟರ್. ನಿಜದ ರೈಲಿಗೂ ಇದು ಸುಲಭದ ಏರಲ್ಲ: ಕರ್ಜತ್‌ನಿಂದ ಲೋನಾವಳಾಕ್ಕೆ ಹತ್ತುವ ಭೋರ್ ಘಾಟಿನ ಏರು 37ಕ್ಕೆ 1. ಅಲ್ಲಿ ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್‌ಗಳನ್ನು ಕಟ್ಟುತ್ತಾರೆ. ನಮ್ಮ ಕೋಣೆಯಲ್ಲಿ ಬ್ಯಾಂಕರ್ ಇಲ್ಲ. ಹಳಿ ಮಟ್ಟಸವಾಗಿಯೇ ಹೋಗಲಿ, ಕೆಳಗಿನ ಹಲಗೆಯನ್ನು ಕೊಯ್ದು ಕಣಿವೆ ಮಾಡೋಣ.

ಎಷ್ಟು ದೊಡ್ಡದು 'ದೊಡ್ಡದು'?

ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಚ್‌ಒ ಸ್ಕೇಲ್, ಅಂದರೆ ನಿಜದ ಅಳತೆಯ 87ಕ್ಕೆ 1; ಹಳಿಗಳ ನಡುವಿನ ಅಂತರ 16.5 ಮಿ.ಮೀ. ಜಾಗ ಕಡಿಮೆ ಇದ್ದವರು ಎನ್ ಸ್ಕೇಲ್ ಹಿಡಿಯುತ್ತಾರೆ, 160ಕ್ಕೆ 1, ಅಂತರ 9 ಮಿ.ಮೀ.

ಕೊಂಕಣ ರೈಲಿನಲ್ಲಿ ಊರಿಗೆ ಹೋಗುವಾಗ ರತ್ನಾಗಿರಿಯ ಬಳಿ ದಾಟುವ ಪನ್ವಲ್ ನದಿಯ ಸೇತುವೆ 424 ಮೀಟರ್ ಉದ್ದ, 64 ಮೀಟರ್ ಎತ್ತರ. ಅದನ್ನು ಎಚ್‌ಒದಲ್ಲಿ ಇದ್ದದ್ದು ಇದ್ದ ಹಾಗೆ ಮಾಡಿದರೆ ಉದ್ದ ಸುಮಾರು 4.9 ಮೀಟರ್, ಎತ್ತರ 74 ಸೆಂ.ಮೀ. ಎನ್‌ನಲ್ಲಿ 2.65 ಮೀಟರ್ ಮತ್ತು 40 ಸೆಂ.ಮೀ. ಹೊನ್ನಾವರದ ಶರಾವತಿ ಸೇತುವೆ 2 ಕಿಲೋಮೀಟರಿಗೂ ಉದ್ದ. ಎಚ್‌ಒದಲ್ಲಿ ಅದು 23 ಮೀಟರ್ ದಾಟುತ್ತದೆ. ನಮ್ಮ ಮಹಡಿಯ ನಾಲ್ಕೂ ಫ್ಲಾಟಿನ ಗೋಡೆ ಒಡೆದರೂ ಹಿಡಿಸಲಿಕ್ಕಿಲ್ಲ.

ಹಾಗಾಗಿ ಕತ್ತರಿ ಹಾಕಲೇಬೇಕು. ಹಾಕುವಾಗ ಉದ್ದಕ್ಕೆ ಹಾಕಿ, ಎತ್ತರಕ್ಕೆ ಬೇಡ. ಹತ್ತು ಅಂಕಣದ (ಕಂಬದಿಂದ ಕಂಬದವರೆಗಿನ ಭಾಗ ಒಂದು ಅಂಕಣ) ಸೇತುವೆಯನ್ನು ಮೂರು ಅಂಕಣ ಮಾಡಿದರೆ ನೋಡುವವರಿಗೆ ಗೊತ್ತಾಗುವುದಿಲ್ಲ. ಕಂಬ ಗಿಡ್ಡವಾದರೆ ತಕ್ಷಣ ಗೊತ್ತಾಗುತ್ತದೆ. ನಾನು ಕೊನೆಗೆ ಮಾಡಿದ್ದು 40 ಸೆಂ.ಮೀ.ಯ ಮೂರು ಅಂಕಣ, ಒಟ್ಟು 1.2 ಮೀಟರ್, ಕಣಿವೆಯ ಆಳ 28 ಸೆಂ.ಮೀ. ನಿಜದ ಲೆಕ್ಕದಲ್ಲಿ ನೂರು ಮೀಟರ್ ಚಿಲ್ಲರೆ ಉದ್ದ, 24 ಮೀಟರ್ ಎತ್ತರ.

ಯಾವ ಜಾತಿಯ ಸೇತುವೆ?

ಇದನ್ನು ತೀರ್ಮಾನಿಸುವುದು ನಿಮ್ಮ ಇಷ್ಟವಲ್ಲ, ನಿಮ್ಮ ಹಳಿಯ ತಿರುವು. ಕಬ್ಬಿಣದ ಪಂಜರದಂಥ ಟ್ರಸ್ ಸೇತುವೆಯ ಒಳಗೆ ಹಳಿ ನೆಟ್ಟಗೇ ಇರಬೇಕು. ತಿರುವಿನಲ್ಲಿ ಉದ್ದದ ಬೋಗಿಯ ಮೂಲೆಗಳು ಹೊರಕ್ಕೂ ಹೊಟ್ಟೆ ಒಳಕ್ಕೂ ಚಾಚುತ್ತವೆ, ಪಂಜರಕ್ಕೆ ತಾಗುತ್ತವೆ. ಸೇತುವೆಯ ಒಳಗೆ ನೆಟ್ಟಗಿದ್ದರೂ ಸಾಲದು. ಎರಡೂ ತುದಿಯಾಚೆ ಕನಿಷ್ಠ ಒಂದು ಬೋಗಿಯ ಉದ್ದ ನೇರ ಹಳಿ ಬಿಡಿ. ಹಳೆಯ ನೀಲಿ ಐಸಿಎಫ್ ಬೋಗಿ ಎಚ್‌ಒದಲ್ಲಿ 24.5 ಸೆಂ.ಮೀ., ಈಗಿನ ಎಲ್‌ಎಚ್‌ಬಿ ಬೋಗಿ 27 ಸೆಂ.ಮೀ.

ಹಳಿ ತಿರುಗುವ ಜಾಗದಲ್ಲೇ ಸೇತುವೆ ಬೇಕೆಂದರೆ ಕಲ್ಲುಕಮಾನು ಹಿಡಿಯಿರಿ. ಕ್ಯಾಸಲ್‌ರಾಕ್‌ನಿಂದ ಗೋವೆಯ ಕುಳೆಗೆ ಇಳಿಯುವಾಗ ದೂಧ್‌ಸಾಗರದ ಎದುರು ಸಿಗುವುದು ಅಂಥದ್ದೇ. ಕಮಾನಿನ ಮೇಲೆ ರೈಲು ಬರಿ ಬಯಲಲ್ಲಿ ಹೋಗುತ್ತದೆ, ಬೋಗಿ ಎಷ್ಟು ಚಾಚಿದರೂ ತಾಗಲು ಏನೂ ಇರುವುದಿಲ್ಲ. ಕಾಂಕ್ರೀಟ್ ಗರ್ಡರ್ (ತೊಲೆ) ಸೇತುವೆ ಕೂಡ ಹಾಗೆಯೇ, ಮಾಡಲು ಎಲ್ಲಕ್ಕಿಂತ ಸುಲಭ. ಆದರೆ ನೋಡಲು ಚಂದ ಟ್ರಸ್ಸೇ ಎನ್ನುವುದು ನನ್ನ ಹಟ.

ಹುಡುಕಾಟ

ಜರ್ಮನಿಯ ಫಾಲರ್, ನೋಖ್, ಅಮೆರಿಕದ ವಾಲ್ಥರ್ಸ್, ಜಪಾನಿನ ಕಾಟೊ ಒಳ್ಳೆಯ ಸೇತುವೆ ಮಾಡುತ್ತವೆ. ಕಾಟೊದ ಎನ್ ಸ್ಕೇಲ್ ಟ್ರಸ್ 248 ಮಿ.ಮೀ. ಉದ್ದದ್ದು, ಹಳಿ ಸಮೇತ ಬರುತ್ತದೆ. ಒಂದರ ಹಿಂದೆ ಒಂದು ಸಿಕ್ಕಿಸುತ್ತ ಹೋದರಾಯಿತು. ಎನ್‌ನವರು ಈ ಲೇಖನದ ಅರ್ಧ ಭಾಗ ಓದದೆ ಬಿಡಬಹುದು.

ಎಚ್‌ಒದವರ ಕಷ್ಟ ಬೇರೆ. ಕಿರು ಮಾದರಿಗಳು ಕಸ್ಟಮ್ಸ್ ಪುಸ್ತಕದಲ್ಲಿ ಆಟಿಕೆಗಳ ಸಾಲಿಗೇ ಸೇರುತ್ತವೆ. ಆಟಿಕೆಗಳ ಮೂಲ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಅದರ ಮೇಲೆ ಜಿಎಸ್‌ಟಿ, ಅದರ ಜೊತೆ ಅಂಚೆ ಖರ್ಚು. ದೊಡ್ಡ ಸೇತುವೆಯ ಡಬ್ಬಿಯೂ ದೊಡ್ಡದೇ. ಎಲ್ಲ ಕೂಡಿಸಿ ನೋಡಿದಾಗ ನನಗೆ ಮನೆಯಲ್ಲಿ ಹೇಳುವ ಧೈರ್ಯ ಬರಲಿಲ್ಲ.

ಮಟನ್ ಸ್ಟ್ರೀಟಿನ ಚೋರ್ ಬಜಾರಿನಲ್ಲಿ ಹಳೆಯ ಬ್ರಿಟಿಷ್ ಸೆಟ್ಟಿನ ಚೂರುಪಾರು ಕಣ್ಣಿಗೆ ಬೀಳುವುದುಂಟು. ಅವು ಹೆಚ್ಚಾಗಿ ಡಬಲ್ ಒ, 76ಕ್ಕೆ 1. ಹಳಿ ಅದೇ 16.5 ಮಿ.ಮೀ. ಇರುವುದರಿಂದ ಎಚ್‌ಒ ರೈಲು ಆರಾಮಾಗಿ ಓಡುತ್ತದೆ, ಸೇತುವೆ ಕೊಂಚ ದೊಡ್ಡದಾಗಿ ಕಾಣುತ್ತದೆ ಅಷ್ಟೆ. ಇಲ್ಲಿ ದೊಡ್ಡದಾಗಿ ಕಂಡರೆ ನಷ್ಟವೇನು?

ಎಲ್ಲಿಂದಲೇ ಕೊಳ್ಳಿ, ಹೋಗುವಾಗ ಜೇಬಿನಲ್ಲಿ ಒಂದು ರಟ್ಟಿನ ಚೌಕಟ್ಟು ಇರಲಿ. ನಿಮ್ಮ ಅತಿ ಉದ್ದದ ಬೋಗಿ ಮತ್ತು ಅತಿ ಎತ್ತರದ ಎಂಜಿನ್ ಎರಡನ್ನೂ ಅಳೆದು, ಸುತ್ತ 4 ಮಿ.ಮೀ. ಸೇರಿಸಿ ಕತ್ತರಿಸಿದ ರಟ್ಟು. ಅದು ಸೇತುವೆಯ ಬಾಯಿಯೊಳಗೆ ಸಲೀಸಾಗಿ ಹೋದರೆ ಮಾತ್ರ ದರ ಕೇಳಿ. ವಿದ್ಯುತ್ ಎಂಜಿನ್ ಇದ್ದವರು ಅದರ ನೆತ್ತಿಯ ಮೇಲೆ ತಂತಿಗೆ ತಾಗುವ ಪ್ಯಾಂಟೋಗ್ರಾಫ್ ಮೇಲೆತ್ತಿ ಅಳೆಯಬೇಕು. ನಾನು ಇಳಿಸಿ ಅಳೆದಿದ್ದೆ.

ಕೊನೆಗೆ ಕೈಹಿಡಿದದ್ದು ಲೇಸರ್ ಕಟಿಂಗ್ ಅಂಗಡಿ. ನೇಮ್‌ಪ್ಲೇಟ್, ಅಕ್ರಿಲಿಕ್ ಬೋರ್ಡ್ ಮಾಡುವವರಲ್ಲಿ ಈಗ ಈ ಯಂತ್ರ ಇರುತ್ತದೆ. ಟ್ರಸ್ಸಿನ ಒಂದು ಬದಿಯ ಚಿತ್ರವನ್ನು ಕಂಪ್ಯೂಟರಿನಲ್ಲಿ ಬರೆದು ಕೊಟ್ಟರೆ ಮರದ ನಾರು ಒತ್ತಿ ಮಾಡಿದ 3 ಮಿ.ಮೀ. ಎಂಡಿಎಫ್‌ನಲ್ಲಿ ಆರು ಬದಿಗಳನ್ನು ಕೊಯ್ದು ಕೊಡುತ್ತಾರೆ. ಒಂದು ಎಚ್ಚರಿಕೆ: ಎಂಡಿಎಫ್ ಮುಂಬೈ ಮಳೆಯ ವೈರಿ. ಜುಲೈ ತಿಂಗಳ ಗಾಳಿ ಸಾಕು, ಅಂಚುಗಳು ನೆನೆದ ಬಿಸ್ಕತ್ತಿನಂತೆ ಉಬ್ಬುತ್ತವೆ. ತಂದ ದಿನವೇ ಅಂಚು ಸಮೇತ ಎಲ್ಲ ಕಡೆ ಎರಡು ಕೈ ವುಡ್ ಪ್ರೈಮರ್ ಬಳಿಯಿರಿ. ತ್ರೀಡಿ ಪ್ರಿಂಟ್ ಮಾಡಿಸುವವರಿಗೆ: ಅಗ್ಗದ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿಯ ಹತ್ತಿರ ಮೆತ್ತಗಾಗುತ್ತದೆ. ಬಿಸಿಲು ಬೀಳುವ ಕಿಟಕಿಯ ಪಕ್ಕ ಬೇಡ.

ಮರದ್ದಾಗಲಿ ಪ್ಲಾಸ್ಟಿಕ್ಕಿನದಾಗಲಿ, ಮೂರು ಅಂಕಣ ಸೇರಿಸಿದ ಮೇಲೆ ನಡು ಬಾಗುತ್ತದೆ. ಹಳಿಯ ಅಡಿಯಲ್ಲಿ ಕಾಣದ ಹಾಗೆ ಒಂದು ಅಲ್ಯೂಮಿನಿಯಂ ಯು ಚಾನೆಲ್ ಓಡಿಸಿ. ನಾಗದೇವಿ ಸ್ಟ್ರೀಟಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ.

ಕೊಯ್ಯುವ ಮುನ್ನ ಕಟ್ಟಿ

ಸೇತುವೆ ಕೈಗೆ ಬಂದು, ಜೋಡಿಸಿ, ಅಳೆಯುವ ತನಕ ಗರಗಸ ಮುಟ್ಟಬೇಡಿ. ಒಮ್ಮೆ ಜಾಹೀರಾತಿನಲ್ಲಿದ್ದ ಉದ್ದ ನೋಡಿ ಹಲಗೆ ಕೊಯ್ದೆ. ಆ ಉದ್ದದಲ್ಲಿ ಎರಡೂ ಕಡೆಯ ಇಳಿಜಾರು ತುಂಡುಗಳೂ ಸೇರಿದ್ದವು. ಸೇತುವೆ ಬಂದಾಗ ಹೊಳೆ ಅಗಲವಾಗಿತ್ತು, ಸೇತುವೆ ಗಿಡ್ಡ. ದಡಕ್ಕೆ ತೇಪೆ ಹಾಕಿದ್ದು ಇವತ್ತಿಗೂ ಕಾಣುತ್ತದೆ.

ಹಲಗೆಯ ಕೆಳಗೆ ಮರದ ಚೌಕಟ್ಟು ಇರುತ್ತದಲ್ಲ, ಅದರ ಮುಂದಿನ ಹಿಂದಿನ ಉದ್ದ ಪಟ್ಟಿಗಳೇ ಲೇಔಟಿನ ಬೆನ್ನೆಲುಬು. ಅವನ್ನು ನಡುವೆ ತುಂಡರಿಸಿದರೆ ಇಡೀ ಹಲಗೆ ಮುರಿದು ಜೋಲುತ್ತದೆ. ಅದಕ್ಕೇ ಮೊದಲು ಕೆಳಗೊಂದು ತೊಟ್ಟಿ ಕಟ್ಟಬೇಕು. 12 ಮಿ.ಮೀ. ಮರೈನ್ ಪ್ಲೈನ ಎರಡು ನಿಲುವು ಪಕ್ಕೆಗಳು, ತಳಕ್ಕೊಂದು ಹಲಗೆ, ತಳದಡಿ ಉದ್ದಕ್ಕೆ ಎರಡು ರೀಪು. ಈ ತೊಟ್ಟಿಯ ಪಕ್ಕೆಗಳನ್ನು ಮೇಲಿನ ಚೌಕಟ್ಟಿಗೆ ಅಂಟು ಮತ್ತು ಸ್ಕ್ರೂ ಎರಡರಿಂದಲೂ ಬಿಗಿದು, ಒಂದು ರಾತ್ರಿ ಒಣಗಲು ಬಿಡಿ. ಮಾರನೇ ದಿನ ಮೇಲಿನ ಪ್ಲೈ, ಅದರಡಿಯ ಪಟ್ಟಿಗಳನ್ನು ಜಿಗ್‌ಸಾದಿಂದ ಕೊಯ್ಯಿರಿ. ಭಾರ ಈಗ ತೊಟ್ಟಿಯ ತಳದ ಮೂಲಕ ಸುತ್ತಿ ಹೋಗುತ್ತದೆ. ನಮ್ಮ ಬಿಲ್ಡಿಂಗಿನ ಬಡಗಿ ಮೊದಲು ಕೊಯ್ದು ಆಮೇಲೆ ಕಟ್ಟೋಣ ಎಂದ. ಎರಡು ಕಪ್ ಚಹಾ ಕುಡಿಸಿ ಒಪ್ಪಿಸಬೇಕಾಯಿತು.

ಕಂಬ ಎತ್ತಬಾರದು

ಕಂಬ ಸೇತುವೆಯನ್ನು ಹೊರಬೇಕು, ಎತ್ತಬಾರದು. ಕಂಬದ ಎತ್ತರವನ್ನು ಕಾಗದದ ಮೇಲೆ ಲೆಕ್ಕ ಹಾಕಿ ಕೊಯ್ದರೆ ಒಂದಲ್ಲ ಒಂದು ಕಂಬ ಅರ್ಧ ಮಿ.ಮೀ. ಹೆಚ್ಚಾಗಿ ಸೇತುವೆಯನ್ನು ಮೇಲಕ್ಕೆ ದೂಡುತ್ತದೆ, ಅಲ್ಲೇ ಬೋಗಿ ಹಳಿ ತಪ್ಪುತ್ತದೆ. ಬದಲಿಗೆ ಸೇತುವೆಯನ್ನು ಎರಡು ದಡಗಳ ಮೇಲೆ ಕೂರಿಸಿ, ರಸಮಟ್ಟ ಇಟ್ಟು, ಆಚೀಚೆಯ ಹಳಿಮಟ್ಟಕ್ಕೆ ಸರಿಯಾಗಿ ತಂದುಕೊಳ್ಳಿ. ನಂತರ ತೊಟ್ಟಿಯ ತಳದಿಂದ ಸೇತುವೆಯ ಅಡಿಯವರೆಗೆ ಪ್ರತಿ ಕಂಬದ ಜಾಗದಲ್ಲಿ ಬೇರೆ ಬೇರೆ ಅಳೆಯಿರಿ. ಅಳತೆಗಿಂತ 3 ಮಿ.ಮೀ. ಗಿಡ್ಡ ಕೊಯ್ದು, ಉಳಿದದ್ದನ್ನು ವಾಷರ್, ರಟ್ಟಿನಿಂದ ತುಂಬಿ. ಕಂಬ ನೆಟ್ಟಗಿದೆಯೇ ಎಂದು ದಾರಕ್ಕೆ ನಟ್ಟು ಕಟ್ಟಿ ಇಳಿಬಿಟ್ಟು ನೋಡಿ.

ಪನ್ವಲ್ ನದಿಯ ಮೇಲೆ ಸೇತುವೆಯ ಮೈಯನ್ನು ದಡದಲ್ಲೇ ತುಂಡು ತುಂಡಾಗಿ ಎರಕ ಹೊಯ್ದು, ಕಂಬಗಳ ಮೇಲೆ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ತಳ್ಳಿದ್ದರು. ನಾವೂ ಮೇಜಿನ ಮೇಲೆ ಪೂರ್ತಿ ಜೋಡಿಸಿ, ಬಣ್ಣ ಬಳಿದು, ಒಂದು ತುದಿಯಿಂದ ಜಾರಿಸಿ ಕೂರಿಸುವುದೇ ಲೇಸು. ಕಣಿವೆಯೊಳಗೆ ಕೈ ಇಳಿಬಿಟ್ಟು ಅಂಟಿಸಲು ಹೋದವರ ಬೆನ್ನು ಕೇಳಿ.

ಸೇತುವೆಯನ್ನು ಅಂಟಿಸಬೇಡಿ. ಒಂದು ತುದಿಗೆ ಎರಡು ಸ್ಕ್ರೂ, ಇನ್ನೊಂದು ತುದಿ ಸುಮ್ಮನೆ ಕೂತಿರಲಿ. ನಿಜದ ಗರ್ಡರ್ ಕೂಡ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸರಿದಾಡುತ್ತದೆ, ಬಿಸಿಲಿಗೆ ಹಿಗ್ಗಲು.

ಹಳಿ

ಸೇತುವೆಯ ಮೇಲೆ ಹಳಿಯ ಜೋಡಣೆ ಬರಬಾರದು. ಬೇಕಾದ ಹಾಗೆ ಬಾಗುವ ಒಂದು ಇಡೀ ಫ್ಲೆಕ್ಸ್ ಟ್ರ್ಯಾಕನ್ನು ದಡದಿಂದ ದಡಕ್ಕೆ ಹಾಯಿಸಿ, ಹಳಿ ಕೂಡಿಸುವ ಜಾಯಿನರ್‌ಗಳು ತುದಿಯಿಂದ 15 ಸೆಂ.ಮೀ. ಆಚೆ ಇರಲಿ. ಒಂದು ಉದ್ದ ಸಾಲದಿದ್ದರೆ ಎರಡನ್ನು ಮೇಜಿನ ಮೇಲೇ ಬೆಸುಗೆ ಹಾಕಿ ಒಂದು ಮಾಡಿಕೊಳ್ಳಿ. ಎರಡೂ ದಡದಲ್ಲಿ ಹಳಿಗೆ ಕರೆಂಟ್ ತರುವ ಪ್ರತ್ಯೇಕ ಫೀಡರ್ ತಂತಿ ಕೊಡಿ. ಸೇತುವೆಯ ಕೆಳಗೆ ತಂತಿ ನೇತಾಡುವುದು ಬೇಡ.

ಬಾಗಿಲಿಗೆ ಅಡ್ಡವಾಗಿ ತೆಗೆದಿಡುವಂಥ ಸೇತುವೆ ಬೇಕಾದವರಿಗೆ ಒಂದು ಉಪಾಯ ಇದೆ. ಮೊದಲು ಹಳಿಯನ್ನು ತುಂಡರಿಸದೆ ಪೂರ್ತಿ ಹಾಸಿ. ಕೊಯ್ಯಬೇಕಾದ ಜಾಗದ ಎರಡೂ ಬದಿಗೆ ಹಿತ್ತಾಳೆ ಸ್ಕ್ರೂ ನೆಟ್ಟು ಹಳಿಯನ್ನು ಅದಕ್ಕೆ ಬೆಸೆಯಿರಿ. ಆಮೇಲೆ ತೆಳು ಗರಗಸದಿಂದ ಕೊಯ್ಯಿರಿ. ಎರಡು ತುಂಡು ಹೊಂದಿಸುವ ತಲೆನೋವೇ ಇಲ್ಲ, ಒಂದೇ ಹಳಿ ಇಬ್ಭಾಗವಾಗಿರುತ್ತದೆ. ಸೇತುವೆ ಎತ್ತಿದ ಕೂಡಲೇ ಆಚೀಚೆಯ ಒಂದೊಂದು ಮೀಟರ್ ಹಳಿಗೆ ಕರೆಂಟ್ ನಿಲ್ಲುವ ಸ್ವಿಚ್ ಹಾಕಿ. ಎಂಜಿನ್ ನೆಲಕ್ಕೆ ಬೀಳುವ ಸದ್ದು ಕೇಳಬಾರದು.

ತೆರೆದ ಗರ್ಡರ್ ಸೇತುವೆಯ ಮೇಲೆ ಜಲ್ಲಿ ಇರುವುದಿಲ್ಲ, ಸ್ಲೀಪರ್ ನೇರ ಗರ್ಡರ್ ಮೇಲೆ. ಕಾಂಕ್ರೀಟಿನದಾದರೆ ಜಲ್ಲಿ ಹಾಕಬಹುದು. ಓಡುವ ಹಳಿಗಳ ಒಳಬದಿಗೆ, ಹಳಿ ತಪ್ಪಿದ ಚಕ್ರವನ್ನು ತಡೆಯುವ ಗಾರ್ಡ್ ಹಳಿ ಹಾಕಿದರೆ ಸೇತುವೆಗೆ ಕಳೆ ಬರುತ್ತದೆ. ಅದು ಓಡುವ ಹಳಿಗಿಂತ ಎತ್ತರ ಇರಬಾರದು, ನಡುವಿನ ಸಂದಿಯಲ್ಲಿ ನಿಮ್ಮ ಅತ್ಯಂತ ಹಳೆಯ ಬೋಗಿಯ ಚಕ್ರವೂ ಸಿಕ್ಕಿಕೊಳ್ಳಬಾರದು.

ಪರೀಕ್ಷೆ

ಬಂಡೆ, ಹುಲ್ಲು, ನೀರು ಯಾವುದಕ್ಕೂ ಮುಂಚೆ ಸೇತುವೆಯ ನಡುವೆ ಒಂದು ಕಿಲೋ ಅಕ್ಕಿಯ ಪೊಟ್ಟಣ ಇಟ್ಟು ರಾತ್ರಿ ಕಳೆಯಿರಿ. ಬೆಳಗ್ಗೆ 1 ಮಿ.ಮೀ.ಗಿಂತ ಹೆಚ್ಚು ತಗ್ಗಿದ್ದರೆ ಚಾನೆಲ್ ಬದಲಿಸಿ. ನಂತರ ಇರುವಷ್ಟೂ ಬೋಗಿ ಕಟ್ಟಿ, ರೈಲನ್ನು ಹಿಮ್ಮುಖವಾಗಿ ದಾಟಿಸಿ. ಮುಂದಕ್ಕೆ ಸರಿಯಾಗಿ ಹೋಗುವ ರೈಲು ಹಿಂದಕ್ಕೆ ತಳ್ಳಿದಾಗ ಪ್ರತಿ ತಪ್ಪನ್ನೂ ತೋರಿಸಿಕೊಡುತ್ತದೆ.

ಹೊಳೆಯ ನೀರಿಗೆ ರೆಸಿನ್ (ಸುರಿದ ಮೇಲೆ ಗಟ್ಟಿಯಾಗುವ ರಾಳ) ಸುರಿಯುವವರು 3 ಮಿ.ಮೀ.ಯ ಪದರಗಳಲ್ಲಿ ಸುರಿಯಿರಿ, ಮಳೆಗಾಲದಲ್ಲಿ ಬೇಡವೇ ಬೇಡ, ತೇವಕ್ಕೆ ಮಂಜು ಕಟ್ಟುತ್ತದೆ. ನೀರಿನ ಬಣ್ಣ ನೀಲಿ ಅಲ್ಲ. ನಮ್ಮ ಕಡೆಯ ಹೊಳೆಗಳು ಬೇಸಿಗೆಯಲ್ಲಿ ಹಸಿರು, ಶ್ರಾವಣದಲ್ಲಿ ಚಹಾ.

ಮೊದಲ ಮಳೆಗಾಲ ಮುಗಿದ ಮೇಲೆ, ದೀಪಾವಳಿಯ ಸುಮಾರಿಗೆ, ಮತ್ತೊಮ್ಮೆ ರಸಮಟ್ಟ ಇಡಿ. ನನ್ನ ನಡುಕಂಬ ಅರ್ಧ ಮಿಲಿಮೀಟರ್ ಎದ್ದಿತ್ತು. ಒಂದು ವಾಷರ್ ತೆಗೆದೆ, ಸರಿಹೋಯಿತು.