ಸಯಾಮೀಸ್, ಪರ್ಷಿಯನ್ ಬೆಕ್ಕು ಒಂದೇ ಮನೇಲಿ: ನಾನು ಹೊಂದಿಸಿದ ರೀತಿ

ಎರಡೂ ದೊಡ್ಡ ಹೆಣ್ಣು ಬೆಕ್ಕು, ಈ ಜೋಡಿ ಹೊಂದೋದೇ ಇಲ್ಲ, ಒಂದನ್ನ ಯಾರಿಗಾದ್ರೂ ಕೊಟ್ಬಿಡು ಅಂತ ಬೆಕ್ಕು ಸಾಕೋ ಗೆಳೆಯರೆಲ್ಲ ಹೇಳಿದ್ರು. ಈಗ ಎರಡೂ ಒಂದೇ ಸೋಫಾ ಮೇಲೆ ಮಲಗ್ತವೆ, ಅದಕ್ಕೇ ಬರೀತಿದೀನಿ.

ಮೊದಲು ದುಡ್ಡಿನ ಕತೆ. ಫೆರೊಮೋನ್ ಡಿಫ್ಯೂಸರ್ (ಬೆಕ್ಕನ್ನ ಶಾಂತ ಮಾಡೋಕೆ ಅಂತ ವಾಸನೆ ಹರಡೋ, ಪ್ಲಗ್‌ಗೆ ಹಾಕೋ ಸಾಧನ) ಹಾಕ್ದೆ, ಒಂದು ರೀಫಿಲ್ ಹೆಚ್ಚುಕಮ್ಮಿ ತಿಂಗಳು ಬರುತ್ತೆ, ಮೂರ್ನಾಲ್ಕು ಖಾಲಿ ಆದ್ರೂ ಸಯಾಮೀಸ್ ಬುಸುಗುಟ್ಟೋದು ನಿಲ್ಲಲಿಲ್ಲ. ಆಮೇಲೆ ಟ್ರೇನರ್ ಒಬ್ರು ಬಂದು ಎರಡನ್ನೂ ಅಕ್ಕಪಕ್ಕ ಕೇಜಲ್ಲಿಟ್ಟು, ತಾವೇ ಸರಿಹೋಗ್ತವೆ ಅಂದು ಫೀಸ್ ತಗೊಂಡು ಹೋದ್ರು, ಆ ವಾರವೇ ಪರ್ಷಿಯನ್ ಲಿಟರ್ ಬಾಕ್ಸ್ (ಬೆಕ್ಕಿನ ಕಕ್ಕಸು ಡಬ್ಬ) ಬಿಟ್ಟು ಹಾಸಿಗೆ ಮೇಲೆ ಉಚ್ಚೆ ಹೊಯ್ಯೋಕೆ ಶುರು, ಹೊಸ ಹಾಸಿಗೆ ಖರ್ಚೂ ತಲೆ ಮೇಲೆ ಬಂತು.

ಪರ್ಷಿಯನ್ ಮುಖ ಚಪ್ಪಟೆ, ಕಿವಿ ಪುಟ್ಟದು, ಮೈತುಂಬ ಉದ್ದ ಕೂದಲು. ಭಯಕ್ಕೋ ಸಿಟ್ಟಿಗೋ ಕಿವಿ ಹಿಂದಕ್ಕೆ ಮಡಚಿದ್ರೂ ಬೆನ್ನಿನ ಕೂದಲು ನಿಮಿರಿದ್ರೂ ಸರಿಯಾಗಿ ಕಾಣಲ್ಲ, ಸಯಾಮೀಸಿಗೂ ಅದು ಅರ್ಥ ಆಗ್ತಿರಲಿಲ್ಲ ಅಂತ ನನ್ನ ಲೆಕ್ಕ. ಹಾಗಾಗಿ ಕಣ್ಣಿಗೆ ತೋರಿಸೋದು ಬಿಟ್ಟು ಪೂರ್ತಿ ಮೂಗಿನ ದಾರಿ ಹಿಡಿದೆ.

ಬಾಗಿಲು ಹಾಕಿ ಬೇರೆಬೇರೆ ರೂಮು. ಹತ್ತಿ ಬಟ್ಟೆ ತುಂಡಲ್ಲಿ ಒಂದರ ಕೆನ್ನೆ ಉಜ್ಜಿ (ತುಟಿ ಮೂಲೆಯಿಂದ ಕಿವಿ ಕಡೆಗೆ, ವಾಸನೆ ಗ್ರಂಥಿ ಅಲ್ಲೇ ಇರೋದು) ಇನ್ನೊಂದರ ಬಟ್ಟಲ ಹತ್ರ ಇಟ್ಟೆ. ಸಯಾಮೀಸ್ ಮೂಸಿ, ಬಾಯಿ ಅರ್ಧ ತೆರೆದು ಹಾಗೇ ನಿಂತು, ಬುಸ್ ಅಂದು ಊಟ ಬಿಟ್ಟು ಹೋಯ್ತು. ಬಟ್ಟೆ ನಾಲ್ಕಡಿ ದೂರ ಸರಿಸಿದೆ, ತಿನ್ನೋಕೆ ಶುರು ಮಾಡಿದ ಮೇಲೆ ಎರಡು ದಿನಕ್ಕೊಮ್ಮೆ ಅರ್ಧ ಅಡಿ ಹತ್ರ. ಎರಡೂ ಬೆಕ್ಕು ಬಟ್ಟೆ ಪಕ್ಕದಲ್ಲೇ ನೆಮ್ಮದಿಯಾಗಿ ತಿಂದ್ಮೇಲೇನೇ ಬಾಗಿಲ ಎರಡೂ ಕಡೆ ಬಟ್ಟಲು, ಆಮೇಲೆ ಬಾಗಿಲು ತೆಗೆದು ಎರಡಿಂಚು ಸಂದು. ಬಟ್ಟೆ ಯಾವ ಹೊತ್ತಲ್ಲಿ ಬದಲಾಯಿಸ್ತಿದ್ದೆ ಅನ್ನೋದ್ರಲ್ಲೇ ಇದರ ಗುಟ್ಟಿದೆ, ಅದನ್ನ ಮಾತ್ರ ಹೇಳಲ್ಲ. ಒಟ್ಟು ಎರಡೂವರೆ ತಿಂಗಳು ಹಿಡೀತು ಅನ್ಸುತ್ತೆ.

ನಡುವೆ ಬೇರೆ ಪ್ರಯೋಗಗಳೂ ಆದವು. ನಾವು ನಿಧಾನಕ್ಕೆ ಕಣ್ಣು ಮುಚ್ಚಿ ತೆಗೆದ್ರೆ ಬೆಕ್ಕೂ ಹಾಗೇ ಮಾಡುತ್ತೆ ಅಂತ ಇಂಗ್ಲೆಂಡಿನ ಸಸೆಕ್ಸ್ ಯೂನಿವರ್ಸಿಟಿಯವರು 2020ರಲ್ಲಿ ತೋರಿಸಿದ್ರಲ್ಲ, ಪರ್ಷಿಯನ್ ಹತ್ರ ಚೆನ್ನಾಗೇ ನಡೀತು, ಸಯಾಮೀಸ್ ಬರೀ ಕೂಗ್ತು. ಬೆಳೆದ ಬೆಕ್ಕುಗಳು ತಮ್ಮತಮ್ಮಲ್ಲಿ ಮಿಯಾಂವ್ ಅನ್ನೋದೇ ಅಪರೂಪ, ಅದೆಲ್ಲ ನಮಗೆ, ಹಾಗಾಗಿ ಅದರ ಕೂಗನ್ನ ಲೆಕ್ಕಕ್ಕೆ ತಗೊಳ್ಳದೆ ಬಾಲ ನೋಡ್ತಿದ್ದೆ. ಬಾಲ ನೆಟ್ಟಗೆ ಮೇಲೆತ್ತಿ (ಅದು ಸ್ನೇಹದ ಗುರುತು) ಸಂದಿನ ಹತ್ರ ಬಂದ ದಿನ ಅರ್ಧ ಕೆಲಸ ಆಯ್ತು ಅಂತ ನನಗೆ ಗೊತ್ತಾಯ್ತು. ಕ್ಯಾಟ್‌ನಿಪ್ (ಬೆಕ್ಕಿಗೆ ಅಮಲು ಹತ್ತಿಸೋ ಒಂದು ಗಿಡ) ಬೇಡ, ಮೂರರಲ್ಲಿ ಒಂದು ಬೆಕ್ಕಿಗೆ ಅದು ಹತ್ತೋದೇ ಇಲ್ಲ, ನಮ್ಮ ಪರ್ಷಿಯನ್ ಸುಮ್ಮನೆ ಕೂತಿತ್ತು, ಸಯಾಮೀಸ್ ಮಾತ್ರ ಹೊರಳಾಡಿ ಎದ್ದು ಬಾಗಿಲಿಗೆ ಪರಚ್ತು.

ಬಾಗಿಲು ಪೂರ್ತಿ ತೆಗೆದ ಮೇಲೂ ಲಿಟರ್ ಬಾಕ್ಸ್ ಮೂರು ಇಟ್ಟಿದೀನಿ, ಯಾವುದೂ ಮೂಲೇಲಿಲ್ಲ. ಎರಡು ಕಡೆಯಿಂದ ಹೊರಗೆ ಬರೋ ದಾರಿ ಇರ್ಲೇಬೇಕು, ಸಯಾಮೀಸ್ ಒಂದು ಕಡೆ ಅಡ್ಡ ಕೂತ್ರೂ ಪರ್ಷಿಯನ್ ಇನ್ನೊಂದು ಕಡೆಯಿಂದ ಎದ್ದು ಹೋಗುತ್ತೆ.