ಸೀರೆ ಕಾಲಿಗೆ ಅಂಟಿಕೊಂಡರೆ ಮೊದಲು ಲಂಗ ನೋಡಿ

ಮದುವೆ ಮನೆಗಳಿಗೆ ಹೋಗಿ ಸೀರೆ ಉಡಿಸುವುದು ನನ್ನ ಕೆಲಸ. ನಮ್ಮ ಹುಬ್ಬಳ್ಳಿ ಕಡೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಒಣಹವೆ. ಆಗ ಜಾರ್ಜೆಟ್, ಶಿಫಾನ್ ಸೀರೆಗಳ ಜೊತೆ ಒದ್ದಾಡಬೇಕು. ನೆರಿಗೆ ಬಿಡಿಸಿದರೆ ಚಟಚಟ ಸದ್ದು, ಮುಂಗೈ ಕೂದಲು ನೆಟ್ಟಗೆ ನಿಲ್ಲುತ್ತವೆ. ನಾಲ್ಕು ಹೆಜ್ಜೆ ನಡೆದರೆ ಸಾಕು, ಸೀರೆ ಕಾಲಿಗೆ ಸುತ್ತಿಕೊಂಡು ನೆರಿಗೆಯ ಅಂದವೇ ಹೋಗುತ್ತದೆ.

ಎಲ್ಲರೂ ಸೀರೆಗೆ ಬೈಯುತ್ತಾರೆ. ನಾನು ನೋಡುವುದು ಒಳಗಿನ ಲಂಗವನ್ನು. ಎರಡು ಬಟ್ಟೆ ಉಜ್ಜಿಕೊಂಡಾಗ ಒಂದರ ಎಲೆಕ್ಟ್ರಾನ್‌ಗಳು ಇನ್ನೊಂದಕ್ಕೆ ಹೋಗುತ್ತವೆ. ನೈಲಾನ್ ಅವನ್ನು ಸುಲಭವಾಗಿ ಬಿಟ್ಟುಕೊಡುತ್ತದೆ, ಪಾಲಿಯೆಸ್ಟರ್ ಎಳೆದುಕೊಳ್ಳುತ್ತದೆ. ಈಗ ಜಾಸ್ತಿ ಜನ ಲಂಗದ ಬದಲು ಹಾಕುವ ಮೈಗಂಟುವ ಶೇಪ್‌ವೇರ್‌ಗಳಲ್ಲಿ ಎಷ್ಟೋ ನೈಲಾನಿನವು. ಮೇಲೆ ಪಾಲಿಯೆಸ್ಟರ್ ಜಾರ್ಜೆಟ್. ಒಂದು ಪ್ಲಸ್, ಇನ್ನೊಂದು ಮೈನಸ್. ಅಂಟದೆ ಇನ್ನೇನಾಗುತ್ತದೆ ಹೇಳಿ?

ಹತ್ತಿ ಹಾಗಲ್ಲ. ಹದವಾದ ಹವೆಯಲ್ಲಿ ಅದು ತನ್ನ ತೂಕದ ಸುಮಾರು ಶೇ. 8ರಷ್ಟು ತೇವ ಹಿಡಿದಿಟ್ಟುಕೊಳ್ಳುತ್ತದೆ, ರೇಷ್ಮೆ ಸುಮಾರು ಶೇ. 11ರಷ್ಟು. ಪಾಲಿಯೆಸ್ಟರ್ ಶೇ. ಅರ್ಧದಷ್ಟೂ ಇಲ್ಲ. ಆ ತೇವದ ದಾರಿಯಲ್ಲೇ ಚಾರ್ಜ್, ಅಂದರೆ ಉಜ್ಜಿದಾಗ ಸೇರಿದ ವಿದ್ಯುತ್, ಹರಿದು ಹೋಗುವುದು. ಅಪ್ಪಟ ರೇಷ್ಮೆ ಸೀರೆ ಈ ಕಾಟ ಕೊಡುವುದು ಕಡಿಮೆ. ಮಂಗಳೂರಿನ ತೇವದ ಗಾಳಿಯಲ್ಲಿ ಜಾರ್ಜೆಟ್ ಕೂಡ ಸುಮ್ನೆ ಇರುತ್ತದೆ. ಆದರೆ ಎಸಿ ಹಾಲ್ ಒಳಗೆ ಹೋದರೆ ಎಲ್ಲಿದ್ದರೂ ಗಾಳಿ ಒಣಗುತ್ತದೆ, ಅದು ನೆನಪಿರಲಿ.

ಹಾಗಾಗಿ ಸಿಂಥೆಟಿಕ್ ಸೀರೆ ಅಂದರೆ ಹಿಂದಿನ ದಿನವೇ ಫೋನ್ ಮಾಡಿ ಹತ್ತಿ ಪಾಪ್ಲಿನ್ ಲಂಗ ತೆಗೆದಿಡಲು ಹೇಳುತ್ತೇನೆ. ಅರ್ಧ ಕೆಲಸ ಅಲ್ಲೇ ಮುಗಿಯಿತು. ನೆರಿಗೆ ಕೂರಿಸಲು ಸ್ಟೀಮ್ ಇಸ್ತ್ರಿಯನ್ನೇ ಬಳಸುತ್ತೇನೆ, ಒಣ ಇಸ್ತ್ರಿ ಇರುವ ತೇವವನ್ನೂ ಓಡಿಸುತ್ತದೆ. ಉಡಿಸುವ ಮುಂಚೆ ಕಾಲಿಗೆ ಬಾಡಿ ಲೋಷನ್ ಹಚ್ಚಿಸಿ, ಪೂರ್ತಿ ಒಣಗಲು ಬಿಡುತ್ತೇನೆ.

ಶೇಪ್‌ವೇರೇ ಬೇಕು ಅಂತ ಹಟ ಹಿಡಿಯುವವರೂ ಇದ್ದಾರೆ, ಫೋಟೋದಲ್ಲಿ ಸೊಂಟ ಚೆನ್ನಾಗಿ ಕಾಣಬೇಕಲ್ವಾ. ಆಗ ಅಂಗೈ ಒದ್ದೆ ಮಾಡಿ, ಚೆನ್ನಾಗಿ ಕೊಡವಿ, ಶೇಪ್‌ವೇರ್ ಮೇಲೆ ಸೊಂಟದಿಂದ ಕೆಳಗಿನವರೆಗೆ ಸವರುತ್ತೇನೆ. ನೀರು ತೊಟ್ಟಿಕ್ಕುವಷ್ಟು ಬೇಡ. ಸ್ಟೇಜ್ ಹತ್ತುವ ಹೊತ್ತಿಗೆ ಮತ್ತೆ ಅಂಟಿದರೆ, ತಂತಿ ಹ್ಯಾಂಗರನ್ನು ಸೀರೆಯ ಒಳಬದಿಗೆ ತಾಗಿಸಿ ಮೇಲಿಂದ ಕೆಳಕ್ಕೆ ಎಳೆಯುತ್ತೇನೆ. ಹ್ಯಾಂಗರ್ ಬರೀ ಲೋಹದ್ದಾಗಿರಬೇಕು, ಪ್ಲಾಸ್ಟಿಕ್ ಸುತ್ತಿದ್ದು ನಡೆಯುವುದಿಲ್ಲ. ಇದು ಸ್ವಲ್ಪ ಹೊತ್ತಿಗೆ ಮಾತ್ರ, ಓಡಾಡಿದರೆ ಮತ್ತೆ ಚಾರ್ಜ್ ಸೇರುತ್ತದೆ.

ತೆಂಗಿನೆಣ್ಣೆ ಸವರಿ ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಬೇಡ. ಎಣ್ಣೆಯಲ್ಲಿ ಚಾರ್ಜ್ ಹರಿಯುವುದಿಲ್ಲ, ಜಾರ್ಜೆಟ್ ಮೇಲೆ ಬಿದ್ದ ಜಿಡ್ಡಿನ ಕಲೆ ಅಷ್ಟು ಸುಲಭಕ್ಕೆ ಹೋಗುವುದೂ ಇಲ್ಲ.